ಎಸೆಸೆಲ್ಸಿ ಆಯ್ತು, ಕಾರಿನ ಕೆಲಸಾನೇ ಬೇಕು: ಐಟಿಐ, ಡಿಪ್ಲೊಮಾ, ಪಿಯುಸಿ? ಜೊತೆಗೆ ಕೊಟ್ಟಿಗೆಯಲ್ಲಿರೋ ಮಾರುತಿ 800

ನಾಲ್ಕುಗೇರು
ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನ ಹಳ್ಳಿ. ಈ ಸಲ ಎಸೆಸೆಲ್ಸಿ ಮುಗೀತು, ಕನ್ನಡ ಮಾಧ್ಯಮ, 625ಕ್ಕೆ 541. ಕಾರಿಗೆ ಸಂಬಂಧಪಟ್ಟ ಕೆಲಸಾನೇ ಮಾಡೋದು ಅಂತ ಗಟ್ಟಿ ಮಾಡಿಕೊಂಡಿದೀನಿ. ಪಿಯುಸಿ ಸೈನ್ಸ್, ಡಿಪ್ಲೊಮಾ, ಐಟಿಐ, ಮೂರರಲ್ಲಿ ಯಾವುದು ಅಂತ ಈ ತಿಂಗಳೊಳಗೆ ತೀರ್ಮಾನ ಆಗ್ಬೇಕು. ಮನೆಯಲ್ಲಿ ಸೈನ್ಸ್ ತಗೋ, ಸಿಇಟಿ ಬರಿ ಅಂತ ಒಂದೇ ಮಾತು.

ಇನ್ನೊಂದು ವಿಷಯ. ಹಳೇ ಕೊಟ್ಟಿಗೆಯಲ್ಲಿ 1998ರ ಮಾರುತಿ 800 ಇದೆ. ಕಾರ್ಬೊರೇಟರಲ್ಲಿ ಪೆಟ್ರೋಲು ಗಾಳಿ ಬೆರೆಯೋ ಹಳೇ ಥರದ ಗಾಡಿ, ನಾಲ್ಕು ವರ್ಷದಿಂದ ನಿಂತೇ ಇದೆ. ಅದನ್ನ ಎಬ್ಬಿಸೋಕೆ ಎಲ್ಲಿಂದ ಶುರು ಮಾಡ್ಬೇಕು? ಹದಿನಾರಕ್ಕೆ ಓಡಿಸೋ ದಾರಿ ಏನಾದ್ರೂ ಇದ್ಯಾ?

ಪಾನಾಪೆಟ್ಟಿಗೆ
ತಮ್ಮಾ, ಕಾರಿನ ಕೆಲಸ ಅಂದ್ರೆ ಯಾವ ಕೆಲಸ? ಅದನ್ನ ಮೊದಲು ಬಿಡಿಸ್ಕೋ. ಬಿಚ್ಚೋದು, ದೋಷ ಹುಡುಕೋದು, ಜೋಡಿಸೋದು ಇಷ್ಟವಾದ್ರೆ ಐಟಿಐ. ಕಾರ್ಖಾನೆಯ ಲೈನು, ಕ್ವಾಲಿಟಿ, ಟೂಲಿಂಗು, ಸರ್ವಿಸ್ ಸೆಂಟರಿನ ಮೇಲ್ವಿಚಾರಣೆ ಆದ್ರೆ ಡಿಪ್ಲೊಮಾ. ಎಂಜಿನ್ನೋ ಸಸ್ಪೆನ್ಷನ್ನೋ ಲೆಕ್ಕ ಹಾಕಿ ಹೊಸದಾಗಿ ರೂಪಿಸೋದಾದ್ರೆ ಬಿ.ಇ. ಬೇಕೇ ಬೇಕು.

ಈಗ ವರ್ಷದ ಲೆಕ್ಕ ನೋಡು, ಇದನ್ನ ಯಾರೂ ಕೂಡಿಸಿ ನೋಡೋದೇ ಇಲ್ಲ. ಪಿಯುಸಿ 2, ಬಿ.ಇ. 4, ಒಟ್ಟು 6. ಡಿಪ್ಲೊಮಾ 3, ಆಮೇಲೆ ಡಿಸಿಇಟಿ (ಡಿಪ್ಲೊಮಾದವರಿಗೆ ಇರೋ ಪ್ರವೇಶ ಪರೀಕ್ಷೆ) ಬರೆದು ಬಿ.ಇ. ಎರಡನೇ ವರ್ಷಕ್ಕೇ ಸೇರಿದ್ರೆ ಇನ್ನು 3, ಅಲ್ಲೂ 6. ಐಟಿಐ 2, ಡಿಪ್ಲೊಮಾ ಎರಡನೇ ವರ್ಷದಿಂದ 2, ಬಿ.ಇ. 3, ಅಂದ್ರೆ 7. ಎಲ್ಲ ದಾರಿಯೂ ಒಂದೇ ಊರಿಗೆ ಹೋಗುತ್ತೆ, ಒಂದು ವರ್ಷ ಆಚೀಚೆ. ವ್ಯತ್ಯಾಸ ಇರೋದು ಅರ್ಧದಲ್ಲಿ ನಿಲ್ಲಬೇಕಾಗಿ ಬಂದ್ರೆ ಕೈಯಲ್ಲಿ ಏನು ಉಳಿಯುತ್ತೆ ಅನ್ನೋದ್ರಲ್ಲಿ. ಎರಡು ವರ್ಷಕ್ಕೆ ನಿಂತ ಐಟಿಐಯವರ ಕೈಯಲ್ಲಿ ಟ್ರೇಡ್ ಸರ್ಟಿಫಿಕೇಟ್ ಇರುತ್ತೆ, ಪಿಯುಸಿಯವರ ಕೈಯಲ್ಲಿ ಅಂಕಪಟ್ಟಿ ಮಾತ್ರ.

ಸಿಇಟಿ_ಲೆಕ್ಕ
ಅರ್ಧ ಸತ್ಯ ಹೇಳ್ತಿದೀರಿ. ಪಿಯುಸಿ ಸೈನ್ಸ್ ಮಾಡಿದ್ರೆ ಮುಂದೆ ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಡಿಸೈನ್, ಎಲ್ಲದಕ್ಕೂ ಬಾಗಿಲು ತೆರೆದಿರುತ್ತೆ. ಹದಿನಾರಕ್ಕೇ ಟ್ರೇಡ್ ಹಿಡಿದ್ರೆ ಅಷ್ಟು ಬಾಗಿಲು ಇರಲ್ಲ. ಡಿಪ್ಲೊಮಾದಿಂದ ಬಿ.ಇ.ಗೆ ಬರೋರಿಗೆ ಗಣಿತ ನಿಜವಾಗ್ಲೂ ಕಷ್ಟ ಆಗುತ್ತೆ. ಅದಕ್ಕೇ ವಿಟಿಯು (ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ) ಅವರಿಗೆ ಹೆಚ್ಚುವರಿ ಗಣಿತ ಅಂತ ಬೇರೆ ಪತ್ರಿಕೆ ಇಟ್ಟಿದ್ದು.

ಸಿಇಟಿ ರ‍್ಯಾಂಕಿನಲ್ಲಿ ಅರ್ಧ ಭಾರ ದ್ವಿತೀಯ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕಕ್ಕೆ, ಇನ್ನರ್ಧ ಸಿಇಟಿಯ 180 ಅಂಕಕ್ಕೆ. ಬರೀ ಸಿಇಟಿ ಕೋಚಿಂಗ್ ಹಿಂದೆ ಬಿದ್ದು ಬೋರ್ಡ್ ಪರೀಕ್ಷೆ ಬಿಟ್ಟೋರು ಅಲ್ಲೇ ಸೋಲೋದು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದ್ದರೆ ಗ್ರಾಮೀಣ ಮೀಸಲಾತಿ 15%, ಹತ್ತೂ ವರ್ಷ ಕನ್ನಡ ಮಾಧ್ಯಮ ಆಗಿದ್ದರೆ 5%. ಎರಡಕ್ಕೂ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು ಬೇಕು. ಈಗಲೇ ಮಾಡಿಸಿ ಇಟ್ಕೋ. ಎರಡು ವರ್ಷ ಬಿಟ್ಟು ಕೌನ್ಸೆಲಿಂಗ್ ಹೊತ್ತಿಗೆ ಓಡಾಡೋದು ಬೇಡ.

ಟ್ರೇಡ್_ಥಿಯರಿ
ಐಟಿಐ ಅಂದ ತಕ್ಷಣ ಮೂಗು ಮುರಿಯೋದು ಮೊದಲು ಬಿಡ್ಬೇಕು. ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಎರಡು ವರ್ಷದ ಟ್ರೇಡ್, ಡೀಸೆಲ್ ಮೆಕ್ಯಾನಿಕ್ ಒಂದು ವರ್ಷ. ಕಾರಿನ ಕೆಲಸಕ್ಕೆ ಎರಡು ವರ್ಷದ್ದೇ ಸರಿ. ಬ್ರೇಕು, ಸ್ಟೀರಿಂಗು, ಗೇರ್‌ಬಾಕ್ಸು, ವೈರಿಂಗು ಎಲ್ಲ ಅದರಲ್ಲಿ ಬರುತ್ತೆ. ಮುಗಿದ ಮೇಲೆ ಅಪ್ರೆಂಟಿಸ್ ಬಿಡಬಾರದು. ಕೆಎಸ್‌ಆರ್‌ಟಿಸಿ ಡಿಪೋಗಳಲ್ಲೂ ತಗೊಳ್ತಾರೆ, ಕಾರು ಕಂಪನಿಗಳಲ್ಲೂ ತಗೊಳ್ತಾರೆ.

ಬಿಡದಿಯಲ್ಲಿ ಟೊಯೊಟಾದ ತಾಂತ್ರಿಕ ತರಬೇತಿ ಸಂಸ್ಥೆ 2007ರಿಂದ ಇದೆ. ಕರ್ನಾಟಕದ ಬಡ ಕುಟುಂಬದ ಮಕ್ಕಳಿಗೆ, ಹತ್ತನೇ ತರಗತಿ ಆದಮೇಲೆ, ಮೂರು ವರ್ಷ ಅಲ್ಲೇ ಉಳಿಸಿಕೊಂಡು ಕಲಿಸ್ತಾರೆ. ವೆಲ್ಡಿಂಗ್, ಪೇಂಟ್, ಅಸೆಂಬ್ಲಿ, ಮೆಕಟ್ರಾನಿಕ್ಸ್. ಆಯ್ಕೆ ಪರೀಕ್ಷೆ ಇರುತ್ತೆ, ಗಣಿತ ವಿಜ್ಞಾನದ ಅಂಕ ನೋಡ್ತಾರೆ, ವಯಸ್ಸಿನ ಮಿತಿಯೂ ಇದೆ. ಹೋಗೋದಾದ್ರೆ ಈ ವರ್ಷವೇ ಪ್ರಯತ್ನ ಮಾಡ್ಬೇಕು.

ಸಾಗರ_ರಸ್ತೆ
16ಕ್ಕೆ ಲೈಸೆನ್ಸ್ ಸಿಗುತ್ತೆ. ಮನೆಯವರ ಒಪ್ಪಿಗೆ ಇದ್ರೆ ಸ್ಕೂಟಿ ಓಡಿಸ್ಬಹುದು.

ಫಾರ್ಮ್25
ಸಿಗೋದು 50 ಸಿಸಿ ಒಳಗಿನ, ಗೇರ್ ಇಲ್ಲದ ಗಾಡಿಗೆ ಮಾತ್ರ. ರಸ್ತೆ ಮೇಲೆ ಕಾಣೋ ಸ್ಕೂಟರೆಲ್ಲ 110, 125 ಸಿಸಿ. ಅವಕ್ಕೆ 18 ಆಗ್ಲೇಬೇಕು. ದಯವಿಟ್ಟು ಅರ್ಧಂಬರ್ಧ ಹೇಳ್ಬೇಡಿ, ಮನೆಯವರು ನಂಬಿ ಕೀ ಕೊಟ್ಟುಬಿಡ್ತಾರೆ.

ಕಾರಿಗೆ 18. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 199ಎ ಅಂತ ಸೇರಿಸಿದಾರೆ. ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿದ್ರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದವರಿಗೆ 25 ವರ್ಷ ತುಂಬೋವರೆಗೆ ಎಲ್‌ಎಲ್‌ಆರ್ (ಕಲಿಯೋರ ಲೈಸೆನ್ಸ್) ಕೂಡ ಕೊಡಲ್ಲ. ಕಾರಿನ ಕೆಲಸಾನೇ ಮಾಡ್ಬೇಕು ಅನ್ನೋರಿಗೆ ಈ ಕೊನೇದು ಎಲ್ಲಕ್ಕಿಂತ ದೊಡ್ಡ ಪೆಟ್ಟು. ಗಾಡಿ ಟೆಸ್ಟ್ ಮಾಡೋ ಕೆಲಸಕ್ಕೆ ಡಿಎಲ್ ಇಲ್ಲದೆ ಯಾರೂ ಸೇರಿಸಿಕೊಳ್ಳಲ್ಲ.

ತೋಟದ ಒಳಗೆ ಓಡಿಸ್ಬಹುದಾ ಅಂತ ಮುಂದಿನ ಪ್ರಶ್ನೆ ಬರುತ್ತೆ ಅಂತ ಗೊತ್ತು. ಲೈಸೆನ್ಸ್ ಬೇಕಾಗೋದು ಸಾರ್ವಜನಿಕ ಸ್ಥಳದಲ್ಲಿ. ಬೇಲಿ ಹಾಕಿ ಗೇಟ್ ಇರೋ ನಿಮ್ಮದೇ ಅಂಗಳ ಬೇರೆ ಮಾತು. ನಾಲ್ಕು ಮನೆಯವರು ಓಡಾಡೋ ತೋಟದ ದಾರಿ, ಪಂಚಾಯ್ತಿ ರಸ್ತೆ ಎಲ್ಲ ಸಾರ್ವಜನಿಕವೇ.

ನಾಲ್ಕುಗೇರು
ತುಂಬಾ ಉಪಕಾರ ಆಯ್ತು. ರಸ್ತೆಗೆ ಇಳಿಸಲ್ಲ, ಮಾತು ಕೊಡ್ತೀನಿ. ಒಂದು ಸಣ್ಣ ತಿದ್ದುಪಡಿ, ತಮ್ಮ ಅಲ್ಲ, ತಂಗಿ. ಗ್ಯಾರೇಜು ಹುಡುಗೀರಿಗಲ್ಲ ಅಂತ ಅಜ್ಜ ಹೇಳೋದೂ ಅದಕ್ಕೇ.

ಪಾನಾಪೆಟ್ಟಿಗೆ
ತಪ್ಪಾಯ್ತು ತಂಗಿ. ಐಟಿಐ, ಡಿಪ್ಲೊಮಾ ಎರಡರಲ್ಲೂ ಹೆಣ್ಣುಮಕ್ಕಳಿಗೆ ಸೀಟು ಮೀಸಲಿದೆ, ಅರ್ಜಿಯಲ್ಲಿ ಆ ಕಾಲಂ ಬಿಡ್ಬೇಡ. ಅಜ್ಜನಿಗೆ ಇನ್ನೊಂದು ಹೇಳು, ಈಗ ಗೇರ್‌ಬಾಕ್ಸನ್ನ ಯಾರೂ ಹೊಟ್ಟೆ ಮೇಲೆ ಹೊತ್ತು ಇಳಿಸಲ್ಲ, ಅದಕ್ಕೆ ಟ್ರಾನ್ಸ್‌ಮಿಷನ್ ಜಾಕಿ ಇದೆ.

ಈಗ ಗಾಡಿ. ಕೀ ಮುಟ್ಟೋಕಿಂತ ಮುಂಚೆ ಮಾಡೋ ಕೆಲಸ ಇಷ್ಟು, ಇದೇ ಕ್ರಮದಲ್ಲಿ.

ಬ್ಯಾಟರಿ ಕಳಚಿಡು. ಬಾನೆಟ್ ಎತ್ತಿ ಏರ್ ಫಿಲ್ಟರ್ ಡಬ್ಬ ತೆಗೆ. ಕೊಟ್ಟಿಗೇಲಿ ನಾಲ್ಕು ವರ್ಷ ಅಂದ್ರೆ ಅದರೊಳಗೆ ಇಲಿ ಗೂಡು ಇರೋ ಸಂಭವವೇ ಜಾಸ್ತಿ. ಹುಲ್ಲು, ಹತ್ತಿ, ಅಡಿಕೆ ಸಿಪ್ಪೆ ಎಂಜಿನ್ ಒಳಗೆ ಎಳೆದ್ರೆ ಕೆಲಸ ಕೆಟ್ಟಿತು. ಆಮೇಲೆ ವೈರು ಒಂದೊಂದೇ ಬೆರಳಲ್ಲಿ ತಡವಿ ನೋಡು. ಇಲಿ ಕಡಿದ ಜಾಗ ಹೆಚ್ಚಾಗಿ ಕಣ್ಣಿಗೆ ಕಾಣದ ಹಿಂಬದಿಯಲ್ಲೇ ಇರುತ್ತೆ.

ಹಳೇ ಪೆಟ್ರೋಲ್ ಪೂರ್ತಿ ಹೊರಗೆ, ಬಯಲಲ್ಲಿ, ಬಚ್ಚಲ ಒಲೆಯಿಂದ ದೂರ. ನಾಲ್ಕು ವರ್ಷದ ಪೆಟ್ರೋಲು ವಾರ್ನಿಶ್ ವಾಸನೆ ಬರುತ್ತೆ. ಅದೇ ಅಂಟು ಕಾರ್ಬೊರೇಟರಿನ ಫ್ಲೋಟ್ ಬೌಲಲ್ಲೂ ಜೆಟ್ಟಲ್ಲೂ ಕೂತಿರುತ್ತೆ. ಬೌಲ್ ಬಿಚ್ಚಿ ಕಾರ್ಬ್ ಕ್ಲೀನರ್ ಹೊಡಿ. ಜೆಟ್ಟಿಗೆ ತಂತಿ ಚುಚ್ಚಬೇಡ, ತೂತು ದೊಡ್ಡದಾದ್ರೆ ಆಮೇಲೆ ಮೈಲೇಜ್ ಬರಲ್ಲ.

ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚು. ಒಂದೊಂದು ಸಿಲಿಂಡರಿಗೆ 5 ರಿಂದ 10 ಎಂಎಲ್ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡು. ಮಾರನೇ ದಿನ ಪ್ಲಗ್ ಇಲ್ಲದೆಯೇ ನಾಲ್ಕನೇ ಗೇರಿಗೆ ಹಾಕಿ ಗಾಡಿಯನ್ನ ಕೈಯಲ್ಲಿ ಮೆಲ್ಲಗೆ ಮುಂದಕ್ಕೆ ತಳ್ಳಿ. ಎಂಜಿನ್ ತಿರುಗಿದ್ರೆ ಪಿಸ್ಟನ್ ಹಿಡಿದಿಲ್ಲ ಅಂತ ಅರ್ಥ. ತಿರುಗದಿದ್ರೆ ಬಲ ಹಾಕ್ಬೇಡಿ, ಇನ್ನೂ ಎರಡು ದಿನ ಎಣ್ಣೆ ಕುಡೀಲಿ. ಆಮೇಲೆ ಕ್ಲಚ್ ಒತ್ತಿ ಹಿಡಿದು, ಗೇರಲ್ಲೇ ಇಟ್ಟು ತಳ್ಳಿಸು. ಗಾಡಿ ಸಲೀಸಾಗಿ ಉರುಳದೆ ಎಂಜಿನ್ನನ್ನೂ ಎಳೀತಿದ್ರೆ ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿದೆ. ನಮ್ಮ ಕಡೆ ಥಂಡಿಗೆ ಇದು ಸಾಮಾನ್ಯ.

ಹಳೇ ಆಯಿಲ್ ಇಳಿಸಿ ಹೊಸ ಫಿಲ್ಟರ್ ಹಾಕಿ 20ಡಬ್ಲ್ಯು-40 ತುಂಬು. ಮೂರು ಲೀಟರಿನ ಕ್ಯಾನ್ ಸಾಕು, ಅಳತೆ ಕಡ್ಡಿ ನೋಡ್ಕೊಂಡು ಸ್ವಲ್ಪ ಸ್ವಲ್ಪವೇ ಹೊಯ್ಯಿ. ಇಳಿದ ಆಯಿಲು ಹಾಲು ಹಾಕಿದ ಕಾಫಿ ಬಣ್ಣ ಇದ್ರೆ ಅಲ್ಲಿಗೇ ನಿಲ್ಲಿಸಿ ಇಲ್ಲಿ ಬಂದು ಹೇಳು, ನೀರು ಸೇರಿದೆ. ಸರಿ ಇದ್ರೆ ಕಾಯಿಲಿನ ನಡುವಿನ ವೈರ್ ಬಿಚ್ಚಿ ಅರ್ತ್ ಮಾಡಿ, ಪ್ಲಗ್ ಇಲ್ಲದೆ ಹತ್ತತ್ತು ಸೆಕೆಂಡ್ ಸೆಲ್ಫ್ ಹೊಡಿ, ನಡುವೆ ಒಂದು ನಿಮಿಷ ಬಿಡು. ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಆರಿದ ಮೇಲೆ ಹೊಸ ಪ್ಲಗ್ ಹಾಕು. ಗ್ಯಾಪ್ 0.7 ರಿಂದ 0.8 ಮಿ.ಮೀ., ಫೀಲರ್ ಗೇಜಲ್ಲಿ ನೋಡಿ ಹಾಕು.

ಸಾಗರ_ರಸ್ತೆ
ಇಷ್ಟೆಲ್ಲ ಯಾಕೆ, ಕಾರ್ಬೊರೇಟರ್ ಬಾಯಿಗೆ ಎರಡು ಮುಚ್ಚಳ ಪೆಟ್ರೋಲ್ ಹೊಯ್ದು ಸೆಲ್ಫ್ ಹೊಡೆದ್ರೆ ಹಿಡ್ಕೊಳ್ಳುತ್ತೆ.

ಟ್ರೇಡ್_ಥಿಯರಿ
ಬೇಡ. ಖಂಡಿತ ಬೇಡ. ಟೈಮಿಂಗ್ ಸ್ವಲ್ಪ ಆಚೀಚೆ ಇದ್ರೂ ಬ್ಯಾಕ್‌ಫೈರ್ ಆಗಿ ಕಾರ್ಬೊರೇಟರ್ ಬಾಯಿಂದ ಬೆಂಕಿ ಹೊರಗೆ ಬರುತ್ತೆ. ಮೇಲೆ ಬಗ್ಗಿ ನಿಂತವರ ಮುಖ ಸುಡುತ್ತೆ, ಪಕ್ಕದಲ್ಲೇ ಹುಲ್ಲಿನ ಅಟ್ಟ.

ಪಾನಾಪೆಟ್ಟಿಗೆಯವರು ಬಿಟ್ಟ ಮೂರು ಮಾತು ಸೇರಿಸ್ತೀನಿ. ಒಂದು, ಕಾರ್ಬೊರೇಟರಿನ ಪ್ಲಸ್ ಸ್ಕ್ರೂಗಳು ಜಪಾನ್ ಅಳತೆಯವು. ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಪೂರ್ತಿ ಕೂರದೆ ಜಾರಿ ತಲೆ ಸವೆಸುತ್ತೆ. ಜೆಐಎಸ್ ಅಂತ ಕೇಳಿ ತಗೋ. ಎರಡು, ಜಾಕಿ ಮೇಲಷ್ಟೇ ನಿಂತ ಗಾಡಿಯ ಕೆಳಗೆ ಕೈ ಕೂಡ ಹಾಕ್ಬೇಡ. ಆಕ್ಸಲ್ ಸ್ಟ್ಯಾಂಡ್ ಎರಡು ಇರ್ಲೇಬೇಕು, ಹಿಂದಿನ ಚಕ್ರಕ್ಕೆ ಕಲ್ಲು ಕೊಡ್ಬೇಕು. ಮಣ್ಣಿನ ನೆಲದಲ್ಲಿ ಸ್ಟ್ಯಾಂಡ್ ಕಾಲು ಹೂತು ಹೋಗುತ್ತೆ, ಕೆಳಗೆ ದಪ್ಪ ಹಲಗೆ ಹಾಕು. ಮೂರು, ಮುಚ್ಚಿದ ಕೊಟ್ಟಿಗೇಲಿ ಎಂಜಿನ್ ಓಡಿಸ್ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಮೊದಲು ಅಂಗಳಕ್ಕೆ ತಳ್ಳಿ, ಆಮೇಲೆ ಸ್ಟಾರ್ಟ್.

ಘಾಟಿದಾರಿ
ಬ್ರೇಕಿನ ಬಗ್ಗೆ ಯಾರೂ ಮಾತಾಡಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ್ರೆ ನಾಲ್ಕು ಮಳೆಗಾಲದಲ್ಲಿ ಹಿಂದಿನ ಲೈನರು ಡ್ರಮ್ಮಿಗೆ ಹಿಡಿದಿರುತ್ತೆ. ಡ್ರಮ್ ಸುತ್ತ ಮರದ ಸುತ್ತಿಗೆಯಲ್ಲಿ ತಟ್ಟಿ ಬಿಡಿಸಿ. ಬಿಚ್ಚಿದಾಗ ಒಳಗಿನ ಧೂಳನ್ನ ಬಾಯಲ್ಲಿ ಊದಬಾರದು, ಗಾಳಿ ಹೊಡೀಬಾರದು. ಹಳೇ ಲೈನರಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಮುಂದೆ ನಿಲ್ಲಿಸುವಾಗ ಮೊದಲನೇ ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಟ್ರೆ ಸಾಕು, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ.

ಬ್ರೇಕ್ ಆಯಿಲ್ ಪೂರ್ತಿ ಬದಲಿಸ್ಬೇಕು. ಅದು ಗಾಳಿಯ ತೇವ ಹೀರುತ್ತೆ. ಡಾಟ್ 3 ಹೊಸದಿದ್ದಾಗ 205 ಡಿಗ್ರಿಗೆ ಕುದಿಯುತ್ತೆ, ತೇವ ಹೀರಿದ್ದು 140 ಡಿಗ್ರಿಗೇ ಕುದಿಯಬಹುದು. ಡಾಟ್ 4 ಆದ್ರೆ 230 ಮತ್ತು 155. ಆಗುಂಬೆ ಘಾಟಿಯ 14 ತಿರುವನ್ನ ಬ್ರೇಕ್ ಒತ್ತಿಕೊಂಡೇ ಇಳಿದ್ರೆ ಏನಾಗುತ್ತೆ? 900 ಕೆಜಿ ತೂಕದ ಗಾಡಿ 100 ಮೀಟರ್ ಕೆಳಗೆ ಇಳಿದ್ರೆ ಸುಮಾರು 880 ಕಿಲೋಜೂಲ್, ಅಂದ್ರೆ ಮೂರು ಲೀಟರ್ ತಣ್ಣೀರನ್ನ ಕುದಿಸೋವಷ್ಟು ಶಾಖ. ಅದಷ್ಟೂ ಡಿಸ್ಕು, ಡ್ರಮ್ಮಿಗೆ ಹೋಗುತ್ತೆ. ಆಯಿಲ್ ಒಳಗೆ ಆವಿ ಗುಳ್ಳೆ ಎದ್ದ ಕ್ಷಣ ಪೆಡಲ್ ನೆಲಕ್ಕೆ ಇಳಿಯುತ್ತೆ. ಅದಕ್ಕೇ ಎರಡನೇ ಗೇರಲ್ಲಿ, ಎಂಜಿನ್ ಹಿಡಿತದಲ್ಲಿ ಇಳೀಬೇಕು. ಹತ್ತೋ ಗಾಡಿಗೆ ದಾರಿ ಬಿಡೋದು ಇಳಿಯೋರ ಕೆಲಸ, 2017ರ ಚಾಲನಾ ನಿಯಮದಲ್ಲೂ ಹಾಗೇ ಇದೆ.

ಸಿಇಟಿ_ಲೆಕ್ಕ
ಇದೇ ನೋಡಿ, ಘಾಟಿಯವರು ಹಾಕಿದ್ದು ಪಿಯುಸಿ ಭೌತಶಾಸ್ತ್ರ. ಎಂಜಿಎಚ್, ಅಂದ್ರೆ ತೂಕ ಗುಣಿಸು ಎತ್ತರ.

ಘಾಟಿದಾರಿ
ಹೈಸ್ಕೂಲಿನ ಭೌತಶಾಸ್ತ್ರ ಮಾರಾಯ್ರೆ. ಒಂಬತ್ತನೇ ತರಗತೀಲೇ ಇದೆ.

ಕೊಳೆಮದ್ದು
ಗಾಡಿ ಕೊಟ್ಟಿಗೇಲಿ ಇತ್ತು ಅಂದ್ರೆ ದನ ಕೂಡ ಅಲ್ಲೇ ಇದ್ವಾ? ಗಂಜಲದಿಂದ ಏಳೋ ಅಮೋನಿಯಾ ತಾಮ್ರ, ಹಿತ್ತಾಳೆಯನ್ನ ತಿನ್ನುತ್ತೆ. ಫ್ಯೂಸು, ಕನೆಕ್ಟರು, ಬಲ್ಬ್ ಹೋಲ್ಡರು ಎಲ್ಲ ಹಸಿರು ಕಟ್ಟಿರುತ್ತೆ. ಒಂದೊಂದೇ ಬಿಚ್ಚಿ ಉಜ್ಜಬೇಕು. ಲೈಟ್ ಹತ್ತದಿದ್ರೆ ಮೊದಲು ಅರ್ತ್ ನೋಡು, ಹತ್ತರಲ್ಲಿ ಏಳು ಸಲ ಅಲ್ಲೇ ಸಿಗುತ್ತೆ.

ಬಾಗಿಲ ಕೆಳಗೆ, ರನ್ನಿಂಗ್ ಬೋರ್ಡಿನ ಕೆಳಗೆ ನೀರು ಬಸಿಯೋ ಸಣ್ಣ ತೂತುಗಳಿವೆ. ಮಣ್ಣು ಕಟ್ಟಿದ್ರೆ ನೀರು ಒಳಗೇ ನಿಂತು ತಗಡು ಒಳಗಿನಿಂದ ಕೊಳೆಯುತ್ತೆ. ಪೊರಕೆ ಕಡ್ಡಿಯಲ್ಲಿ ಚುಚ್ಚಿ ಬಿಡಿಸು. ಹಾಗೇ ಡಿಕ್ಕಿಯ ಮ್ಯಾಟ್ ಎತ್ತಿ ನೋಡು. ಮೈಲುತುತ್ತದ (ತೋಟದ ಔಷಧಿಗೆ ಹಾಕೋ ತಾಮ್ರದ ಸಲ್ಫೇಟ್) ಚೀಲ ಯಾವಾಗಾದ್ರೂ ಅದರಲ್ಲಿ ಬಂದಿದ್ರೆ ಅಲ್ಲಿ ತಗಡು ತೂತಾಗಿರುತ್ತೆ.

ನಾಲ್ಕುಗೇರು
ಮ್ಯಾಟ್ ಎತ್ತಿದೆ, ಸ್ಟೆಪ್ನಿ ಪಕ್ಕ ಅಂಗೈ ಅಗಲ ತುಕ್ಕು, ನಡುವೆ ಎರಡು ತೂತು. ಸುತ್ತ ಕೆಂಪು ಪುಡಿ. ಮೈಲುತುತ್ತ ಅಂತ ಹೇಗೆ ಗೊತ್ತಾಯ್ತು?

ಕೊಳೆಮದ್ದು
ಹತ್ತನೇ ತರಗತಿ ಪುಸ್ತಕದ ಪ್ರಯೋಗ ನೆನಪಿಸ್ಕೋ. ತಾಮ್ರದ ಸಲ್ಫೇಟಿನ ದ್ರಾವಣದಲ್ಲಿ ಕಬ್ಬಿಣದ ಮೊಳೆ ಅದ್ದಿದ್ರೆ ನೀಲಿ ಮಸುಕಾಗುತ್ತೆ, ಮೊಳೆ ಮೇಲೆ ತಾಮ್ರ ಕೂರುತ್ತೆ. ಕಬ್ಬಿಣ ಕರಗಿ ತಾಮ್ರಕ್ಕೆ ಜಾಗ ಬಿಟ್ಟುಕೊಡುತ್ತೆ. ಡಿಕ್ಕಿಯಲ್ಲಿ ಆಗಿದ್ದೂ ಅದೇ. ಚೀಲದಿಂದ ಉದುರಿದ ಪುಡಿ, ಮಳೆ ನೀರು, ತಗಡು.

ಅಡಿಕೆ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣದ ಹದ ನೋಡೋದೂ ಇದೇ ಲೆಕ್ಕದಲ್ಲಿ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಉಜ್ಜಿದ ಕತ್ತಿ ಅದ್ದಿ ತೆಗೆದಾಗ ಕೆಂಪು ಕಟ್ಟಿದ್ರೆ ಸುಣ್ಣ ಸಾಲದು.

ಸಾಗರ_ರಸ್ತೆ
1 ಕೆಜಿ ಸುಣ್ಣ ಸಾಕಾಗಲ್ಲ ಈಗ. ಚಿಪ್ಪಿನ ಸುಣ್ಣ ಆದ್ರೆ ಸರಿ, ಪುಡಿ ಸುಣ್ಣದಲ್ಲಿ ಸತ್ವ ಕಡಿಮೆ.

ಕೊಳೆಮದ್ದು
ಅದಕ್ಕೇ ಕತ್ತಿ ಅದ್ದಿ ನೋಡಿ ಅಂದಿದ್ದು. ತೂಕ ನೋಡಿ ಸುಮ್ಮನಾಗೋದಲ್ಲ.

ನಿರ್ವಾಹಕ
ಕೊಳೆ ಔಷಧಿಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ಗಾಡಿ ಮತ್ತು ಓದು.

ಪಾನಾಪೆಟ್ಟಿಗೆ
ತೂತಿನ ಸುತ್ತ ತಂತಿ ಬ್ರಶ್ಶಲ್ಲಿ ಹೊಳೆಯೋ ಲೋಹ ಕಾಣೋವರೆಗೆ ಉಜ್ಜಿ, ಚೆನ್ನಾಗಿ ತೊಳೆದು ಒಣಗಿಸಿ ಪ್ರೈಮರ್ ಹೊಡೆದಿಡು. ತೇಪೆ ವೆಲ್ಡಿಂಗ್ ಟಿಂಕರಿಂಗಿನವರ ಕೆಲಸ. ಡಿಕ್ಕಿಯ ಕೆಳಗಡೆಯೇ ಪೆಟ್ರೋಲ್ ಟ್ಯಾಂಕ್ ಇರೋದು. ಅದನ್ನ ಇಳಿಸದೆ ವೆಲ್ಡಿಂಗ್ ಮಾಡ್ತೀನಿ ಅನ್ನೋರ ಹತ್ತಿರ ಹೋಗ್ಬೇಡ.

ಒಂದನೇ_ಸಿಲಿಂಡರ್
ಪೆಟ್ರೋಲ್ ಬಗ್ಗೆ ಒಂದು ಮಾತು. ಈಗ ಬಂಕಲ್ಲಿ ಸಿಗೋದು ಇ20, ಐದರಲ್ಲಿ ಒಂದು ಪಾಲು ಎಥನಾಲ್. 1998ರ ಗಾಡಿಯ ರಬ್ಬರ್ ಇದಕ್ಕೆ ಅಂತ ಮಾಡಿದ್ದಲ್ಲ. ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್, ಫ್ಲೋಟ್ ನೀಡಲ್ ಮೂರನ್ನೂ ಗಮನಿಸ್ಬೇಕು. ಪೈಪನ್ನ ಎಸ್‌ಎಇ ಜೆ30 ಆರ್9 ಅಂತ ಬರೆದಿರೋದಕ್ಕೆ ಬದಲಿಸಿದ್ರೆ ಒಳ್ಳೇದು. ಎಥನಾಲ್ ತನ್ನೊಳಗೇ ಆಮ್ಲಜನಕ ಇಟ್ಕೊಂಡಿರುತ್ತೆ, ಹಾಗಾಗಿ ಮಿಶ್ರಣ ತೆಳುವಾಗುತ್ತೆ. ಇಂಜೆಕ್ಷನ್ ಗಾಡಿ ಸೆನ್ಸರ್ ನೋಡಿ ತಾನೇ ಸರಿಮಾಡಿಕೊಳ್ಳುತ್ತೆ, ಕಾರ್ಬೊರೇಟರಿಗೆ ಆ ಬುದ್ಧಿ ಇಲ್ಲ. ಐಡ್ಲಿಂಗ್ ನಿಲ್ಲದೆ ಆಫ್ ಆಗ್ತಿದ್ರೆ ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತು ಬಿಚ್ಚಿ ನೋಡ್ಬೇಕು.

ಎಥನಾಲ್ ತೇವವನ್ನೂ ಹೀರುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಳಿ ಹೇಗಿರುತ್ತೆ ಗೊತ್ತಲ್ಲ. ಅರ್ಧ ಟ್ಯಾಂಕ್ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಿದ್ರೆ ತಳದಲ್ಲಿ ನೀರು ಕೂರುತ್ತೆ. ನಿಲ್ಲಿಸೋದಾದ್ರೆ ಟ್ಯಾಂಕ್ ಪೂರ್ತಿ ತುಂಬು, ಇಲ್ಲ ಪೂರ್ತಿ ಖಾಲಿ ಮಾಡು.

ಫಾರ್ಮ್25
ಈ ಖರ್ಚೆಲ್ಲ ಮಾಡೋ ಮೊದಲು ಆರ್‌ಸಿ ನೋಡಿದ್ರಾ? 1998ರ ಗಾಡಿ. 15 ವರ್ಷ 2013ಕ್ಕೆ ಮುಗೀತು, ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. 2018ರಲ್ಲಿ ಮಾಡಿಸಿದ್ರೂ 2023ಕ್ಕೆ ಮುಗಿದಿದೆ. ಅರ್ಜಿ ಫಾರ್ಮ್ 25, ಕೆಎ-14 ಆದ್ರೆ ಶಿವಮೊಗ್ಗ, ಕೆಎ-15 ಆದ್ರೆ ಸಾಗರ. ಇನ್ಶೂರೆನ್ಸ್, ಎಮಿಷನ್ ಎರಡೂ ಚಾಲ್ತಿಯಲ್ಲಿರಬೇಕು, ಗಾಡಿಯನ್ನ ಇನ್‌ಸ್ಪೆಕ್ಟರ್ ಎದುರು ತೋರಿಸ್ಬೇಕು. 20 ವರ್ಷ ದಾಟಿದ ಕಾರಿಗೆ 2025ರಿಂದ ಶುಲ್ಕ 10,000 ರೂಪಾಯಿ. ತಡವಾಗಿದ್ದಕ್ಕೆ ತಿಂಗಳಿಗೆ 500 ಬೇರೆ. ಲೆಕ್ಕ ಹಾಕಿ, ಗಾಡಿಯ ಬೆಲೆಗಿಂತ ಜಾಸ್ತಿ ಆಗ್ಬಹುದು.

ಪಾನಾಪೆಟ್ಟಿಗೆ
ರಸ್ತೆಗೆ ಇಳಿಸೋದಾದ್ರೆ ಆ ಲೆಕ್ಕ. 18 ತುಂಬೋವರೆಗೆ ಹೇಗೂ ಇಳಿಸೋ ಹಾಗಿಲ್ಲ. ಎರಡು ವರ್ಷ ಅದು ಅಂಗಳದಲ್ಲಿ ಪಾಠಶಾಲೆ ಆಗಿರಲಿ, ರಿನ್ಯೂವಲ್ ಬೇಕಾ ಅಂತ ಆಗ ನೋಡೋಣ.

ಫಾರ್ಮ್25
ತಿಂಗಳಿಗೆ 500 ಅಂದ್ರೆ ಎರಡು ವರ್ಷಕ್ಕೆ ಇನ್ನೂ 12,000. ನೋಡೋಣ ಅನ್ನೋದೇ ದುಬಾರಿ. ಓಡಿಸೋ ಯೋಚನೆ ಇದ್ರೆ ಈಗಲೇ ಹಿರಿಯರ ಕೈಯಲ್ಲಿ ಮಾಡಿಸಿ, ಇಲ್ಲ ಅಂದ್ರೆ ಕಲಿಯೋಕಷ್ಟೇ ಅಂತ ತೀರ್ಮಾನ ಮಾಡಿ.

ಒಂದನೇ_ಸಿಲಿಂಡರ್
ಪಾಠಶಾಲೆ ಅನ್ನೋ ಮಾತು ಸರಿ. ಎಸೆಸೆಲ್ಸಿ ಗಣಿತ ಇಡೀ ಆ ಗಾಡಿಯಲ್ಲಿದೆ. ಸಿಲಿಂಡರಿನ ವ್ಯಾಸ 68.5 ಮಿ.ಮೀ., ಸ್ಟ್ರೋಕ್ 72 ಮಿ.ಮೀ., ಸಿಲಿಂಡರ್ ಮೂರು. ಘನಫಲದ ಸೂತ್ರ ಹಾಕು: ತ್ರಿಜ್ಯ 3.425 ಸೆಂ.ಮೀ., ಅದರ ವರ್ಗ 11.73, ಪೈನಿಂದ ಗುಣಿಸಿದ್ರೆ 36.85, ಎತ್ತರ 7.2ರಿಂದ ಗುಣಿಸಿದ್ರೆ 265.3, ಮೂರರಿಂದ ಗುಣಿಸಿದ್ರೆ 796. ಆರ್‌ಸಿಯಲ್ಲಿ ಬರೆದಿರೋ 796 ಸಿಸಿ ಬಂತಲ್ಲ?

ಟೈರ್ 145/70 ಆರ್12. ರಿಮ್ 12 ಇಂಚು ಅಂದ್ರೆ 304.8 ಮಿ.ಮೀ. ಟೈರಿನ ಗೋಡೆ 145ರ 70%, 101.5, ಮೇಲೆ ಕೆಳಗೆ ಎರಡು ಸಲ. ವ್ಯಾಸ 507.8, ಸುತ್ತಳತೆ ಸುಮಾರು 1.6 ಮೀಟರ್. ಒಂದು ಕಿಲೋಮೀಟರಿಗೆ ಚಕ್ರ 627 ಸುತ್ತು. ಟೈರಿನ ಮೇಲೆ ನಾಲ್ಕು ಅಂಕಿಯ ತಯಾರಿಕೆ ಸಂಖ್ಯೆಯನ್ನೂ ನೋಡು, 1416 ಅಂತ ಇದ್ರೆ 2016ರ 14ನೇ ವಾರದ್ದು. ಟ್ರೆಡ್ (ಟೈರಿನ ಮೇಲಿನ ಗೆರೆ) ಎಷ್ಟೇ ಉಳಿದಿರಲಿ, ಅಷ್ಟು ಹಳೇ ರಬ್ಬರನ್ನ ನಂಬಬಾರದು.

ಸಾಗರ_ರಸ್ತೆ
ಹೊಸ ಟೈರ್ ಹಾಕೋದಾದ್ರೆ 13 ಇಂಚಿನ ಅಲಾಯ್ ಹಾಕ್ಸು. ಲುಕ್ ಬರುತ್ತೆ, ಗ್ರೌಂಡ್ ಕ್ಲಿಯರೆನ್ಸೂ ಸಿಗುತ್ತೆ.

ಒಂದನೇ_ಸಿಲಿಂಡರ್
155/70 ಆರ್13 ಅಂತ ಇಟ್ಕೊಳ್ಳಿ. ವ್ಯಾಸ 547.2, ಸುಮಾರು 7.8% ದೊಡ್ಡದು. ಮೀಟರ್ 60 ತೋರಿಸುವಾಗ ಗಾಡಿ ಓಡ್ತಿರೋದು 64.7. ಗೇರ್ ಎಲ್ಲ ಅಷ್ಟು ಮೇಲೇರಿದ ಹಾಗೆ, ಹುಲಿಕಲ್ ಘಾಟಿ ಹತ್ತುವಾಗ ಎರಡನೇ ಗೇರಲ್ಲಿ ಎಳೆಯಲ್ಲ. ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ತಾಗುತ್ತೆ. ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆಗೆ ಕಾಯ್ದೆಯ 52ನೇ ಕಲಂ ಕೂಡ ಅಡ್ಡ. ಅಂದ ನೋಡಿ ಹಾಕೋ ಮುಂಚೆ ಈ ಲೆಕ್ಕ ಹಾಕೋದು ಒಳ್ಳೇದು.

ನಾಲ್ಕುಗೇರು
796 ನಾನೇ ಹಾಕಿ ನೋಡಿದೆ, ಸರಿಯಾಗಿ ಬಂತು! ಶಾಲೇಲಿ ಸಿಲಿಂಡರ್ ಅಂದ್ರೆ ನೀರಿನ ಟ್ಯಾಂಕಿನ ಲೆಕ್ಕ ಅಷ್ಟೇ ಇತ್ತು.

ಇನ್ನೊಂದು ಪ್ರಶ್ನೆ. ಎಲ್ಲರೂ ಮುಂದೆ ಕರೆಂಟ್ ಕಾರೇ ಅಂತಾರೆ. ಕಾರ್ಬೊರೇಟರ್ ಕಲಿತು ಏನು ಪ್ರಯೋಜನ ಅಂತ ಚಿಕ್ಕಪ್ಪ ಕೇಳ್ತಾರೆ.

ಕಿತ್ತಳೆವೈರು
ಚಿಕ್ಕಪ್ಪನ ಪ್ರಶ್ನೆ ನ್ಯಾಯವಾದದ್ದೇ. ಇವಿಯಲ್ಲಿ, ಅಂದ್ರೆ ಕರೆಂಟ್ ಕಾರಲ್ಲಿ, ಸ್ಪಾರ್ಕ್ ಪ್ಲಗ್ ಇಲ್ಲ, ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ. ಆದ್ರೆ ಬ್ರೇಕು, ಸಸ್ಪೆನ್ಷನ್ನು, ಸ್ಟೀರಿಂಗು, ಬೇರಿಂಗು, ಟೈರು, ಕೂಲೆಂಟು, 12 ವೋಲ್ಟಿನ ವೈರಿಂಗು ಎಲ್ಲ ಹಾಗೇ ಇದೆ. ಆ 800ರಲ್ಲಿ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಎಲ್ಲಿ ಬೀಳ್ತಿದೆ ಅಂತ ಹುಡುಕೋಕೆ ಕಲಿತ್ರೆ ಅದು ಇವಿಗೂ ಅದೇ ವಿದ್ಯೆ. ಹೈ ವೋಲ್ಟೇಜ್ ಕೇಬಲ್ ಕಿತ್ತಳೆ ಬಣ್ಣದಲ್ಲಿರುತ್ತೆ, ಬಹಳ ಕಾರುಗಳಲ್ಲಿ 300, 400 ವೋಲ್ಟ್ ಡಿಸಿ. ತರಬೇತಿ ಇಲ್ಲದೆ, 1,000 ವೋಲ್ಟಿನ ಕ್ಲಾಸ್ 0 ಗ್ಲೌಸ್ ಇಲ್ಲದೆ ಮುಟ್ಟೋದಲ್ಲ. ಸರ್ವಿಸ್ ಪ್ಲಗ್ (ಹೈ ವೋಲ್ಟೇಜ್ ಕಡಿಯೋ ಪ್ಲಗ್) ಕಿತ್ತ ಮೇಲೂ ಕೆಪಾಸಿಟರ್ ಖಾಲಿ ಆಗೋಕೆ ಕೈಪಿಡಿಯಲ್ಲಿ ಹೇಳಿದಷ್ಟು ನಿಮಿಷ ಕಾದು, ಮೀಟರಲ್ಲಿ ಸೊನ್ನೆ ನೋಡಿಯೇ ಕೈ ಹಾಕೋದು.

ಡಿಪ್ಲೊಮಾ ಆದ್ರೆ ಎಲೆಕ್ಟ್ರಿಕಲ್ ಬ್ರಾಂಚ್ ಕಡೆಗೂ ನೋಡು ಅನ್ನೋದು ನನ್ನ ಅಭಿಪ್ರಾಯ. ಮೆಕ್ಯಾನಿಕಲ್ ಒಂದೇ ಕಾರಿನ ದಾರಿ ಅನ್ನೋ ಕಾಲ ಮುಗೀತು.

ಟ್ರೇಡ್_ಥಿಯರಿ
ಒಪ್ಪಲ್ಲ. ಶಿವಮೊಗ್ಗ ಸುತ್ತ ಕೆಲಸ ಇರೋದು ಲೋಹದಲ್ಲಿ. ಮಾಚೇನಹಳ್ಳಿ ಕಡೆ ಫೌಂಡ್ರಿಗಳಲ್ಲಿ ವಾಹನಕ್ಕೆ ಬೇಕಾದ ಎರಕದ ಭಾಗ ತಯಾರಾಗುತ್ತೆ, ಅದಕ್ಕೆ ಪ್ಯಾಟರ್ನು, ಮಶೀನಿಂಗು, ತಪಾಸಣೆ ಎಲ್ಲ ಬೇಕು. ಕಾರು ಇವಿ ಆದ್ರೂ ಬ್ರೇಕ್ ಡಿಸ್ಕು, ಹಬ್ಬು, ಸ್ಟೀರಿಂಗ್ ನಕಲ್ಲು ಎರಕ ಹೊಯ್ದೇ ಮಾಡೋದು. ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಶಿವಮೊಗ್ಗದಲ್ಲೂ ಇದೆ. ಟೂಲ್ ಅಂಡ್ ಡೈ (ಅಚ್ಚು ಮಾಡೋ) ಡಿಪ್ಲೊಮಾದಲ್ಲಿ ಮೂರು ವರ್ಷ ಓದು, ನಾಲ್ಕನೇ ವರ್ಷ ಕಾರ್ಖಾನೆಯಲ್ಲಿ ಕೆಲಸ. ಎಸೆಸೆಲ್ಸಿ ಆದೋರು ಸೇರ್ಬಹುದು. ಮೆಕ್ಯಾನಿಕಲ್ ಡಿಪ್ಲೊಮಾಕ್ಕೆ ಭದ್ರಾವತಿ ಸರ್ಕಾರಿ ಪಾಲಿಟೆಕ್ನಿಕ್ ಇದೆ.

ಕಿತ್ತಳೆವೈರು
ಡೈ ಮೇಕಿಂಗ್ ಕಾರಿನ ಕೆಲಸ ಅಂತ ಅವಳಿಗೆ ಅನ್ನಿಸ್ಬೇಕಲ್ಲ. ಮೂಲ ಪ್ರಶ್ನೆ ಕೇಳಿದ್ದು ಕಾರಿನ ಬಗ್ಗೆ.

ಟ್ರೇಡ್_ಥಿಯರಿ
ಬಾಗಿಲ ತಗಡಿಗೆ ಆಕಾರ ಬರೋದೇ ಡೈಯಿಂದ. ಅದಕ್ಕಿಂತ ಕಾರಿನ ಕೆಲಸ ಯಾವುದು?

ಫಾರ್ಮ್25
ಯಾರೂ ಹೇಳದ ಒಂದು ದಾರಿ, ಮೋಟಾರು ವಾಹನ ನಿರೀಕ್ಷಕರ ಹುದ್ದೆ. ಕೆಪಿಎಸ್‌ಸಿ ಮೂಲಕ ಆಯ್ಕೆ. ಆಟೊಮೊಬೈಲ್ ಅಥವಾ ಮೆಕ್ಯಾನಿಕಲ್ ಡಿಪ್ಲೊಮಾ, ಜೊತೆಗೆ ಗೇರ್ ಬೈಕ್ ಮತ್ತು ಕಾರಿನ ಡಿಎಲ್ ಬೇಕು. ಅನುಭವದ ಷರತ್ತನ್ನ ಆಯಾ ಪ್ರಕಟಣೆಯಲ್ಲಿ ನೋಡ್ಬೇಕು. ಮನೆಯವರಿಗೆ ಸರ್ಕಾರಿ ಕೆಲಸ ಅಂದ್ರೆ ಕಿವಿ ನೆಟ್ಟಗಾಗುತ್ತೆ, ಇದನ್ನ ಹೇಳಿ ನೋಡು.

ಸಿಇಟಿ_ಲೆಕ್ಕ
ಚಿತ್ರ ಬಿಡಿಸೋ ಆಸಕ್ತಿ ಇದ್ರೆ ಡಿಸೈನ್ ಓದೋಕೆ ಇರೋ ಪ್ರವೇಶ ಪರೀಕ್ಷೆ ಯುಸೀಡ್ ಕೂಡ ನೋಡು. ಪಿಯುಸಿ ಯಾವ ವಿಭಾಗದವರೂ ಬರೀಬಹುದು, ಐಐಟಿ ಬಾಂಬೆ ನಡೆಸುತ್ತೆ. ಕಾರಿನ ಹೊರರೂಪ ಮಾಡೋ ಕೆಲಸಕ್ಕೆ ಬಿ.ಡಿಸೈನ್ ದಾರಿ. ಐಟಿಐ ಹಿಡಿದ್ರೆ ಅಷ್ಟು ಬಾಗಿಲು ಇರಲ್ಲ ಅಂತ ಮೊದಲೇ ಹೇಳಿದ್ದು ಇದಕ್ಕೇ.

ಪಿಯುಸಿ ತಗೊಂಡ್ರೆ ಕನ್ನಡ ಮಾಧ್ಯಮದವರಿಗೆ ಮೊದಲ ಮೂರು ತಿಂಗಳು ಪದಗಳದ್ದೇ ತೊಂದರೆ, ವಿಷಯದ್ದಲ್ಲ. ಜಡತ್ವ ಇನರ್ಷಿಯಾ, ಸಂವೇಗ ಮೊಮೆಂಟಮ್, ವೇಗೋತ್ಕರ್ಷ ಅಕ್ಸೆಲರೇಷನ್. ಒಂದು ನೋಟ್‌ಬುಕ್ಕಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆದಿಡು. ರಜೆಯಲ್ಲೇ ಇನ್ನೂರು ಪದ ಆಗುತ್ತೆ.

ನಾಲ್ಕುಗೇರು
ಎಲ್ಲಾ ಓದಿದೆ, ಮನೆಯಲ್ಲೂ ಓದಿ ಹೇಳಿದೆ. ವರ್ಷದ ಲೆಕ್ಕ ಕೇಳಿ ಅಪ್ಪ ಸುಮ್ಮನಾದ್ರು. ಡಿಪ್ಲೊಮಾಕ್ಕೆ ಅರ್ಜಿ ಹಾಕೋದಕ್ಕೆ ಒಪ್ಪಿದಾರೆ, ಪಿಯು ಕಾಲೇಜಿನ ಫಾರ್ಮೂ ತಂದಿಟ್ಟಿದಾರೆ. ಅರ್ಜಿಗೆ ಏನೇನು ಬೇಕು?

ಸಿಇಟಿ_ಲೆಕ್ಕ
ಎಸೆಸೆಲ್ಸಿ ಅಂಕಪಟ್ಟಿ, ಒಂದರಿಂದ ಹತ್ತರ ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರ, ಜಾತಿ ಆದಾಯ ಪ್ರಮಾಣಪತ್ರ, ಆಧಾರ್. ಎಲ್ಲದರಲ್ಲೂ ಹೆಸರಿನ ಅಕ್ಷರ, ಇನಿಷಿಯಲ್ ಒಂದೇ ಥರ ಇದ್ಯಾ ನೋಡು. ಟಿಸಿ ಮೂಲಪ್ರತಿ ಒಂದೇ ಇರೋದು, ಪಿಯುಗೆ ಕೊಟ್ಟುಬಿಟ್ಟು ಆಮೇಲೆ ಪಾಲಿಟೆಕ್ನಿಕ್ ಸೀಟ್ ಬಂದ್ರೆ ವಾಪಸ್ ತರೋಕೆ ಓಡಾಡ್ಬೇಕಾಗುತ್ತೆ. ಕೊಡೋ ಮೊದಲು ಐದು ಜೆರಾಕ್ಸ್.

ನಾಲ್ಕುಗೇರು
ಬ್ಯಾಟರಿ ಚಾರ್ಜರ್ ಸಿಕ್ತು, ಒಂದು ರಾತ್ರಿ ಹಾಕಿದ್ದೆ. ಬೆಳಿಗ್ಗೆ ಬಿಚ್ಚಿ ಎರಡು ಗಂಟೆ ಬಿಟ್ಟು ಮೀಟರ್ ಹಿಡಿದ್ರೆ 10.4 ವೋಲ್ಟ್. ಇನ್ನೊಂದು ರಾತ್ರಿ ಹಾಕ್ಲಾ?

ಕಿತ್ತಳೆವೈರು
ಹಾಕ್ಬೇಡ. ತುಂಬಿದ ಬ್ಯಾಟರಿ 12.6 ತೋರಿಸ್ಬೇಕು, ಒಂದೊಂದು ಸೆಲ್ಲಿಗೆ 2.1ರಂತೆ ಆರು. 10.4 ಅಂದ್ರೆ ಒಂದು ಸೆಲ್ ಪೂರ್ತಿ ಹೋಗಿದೆ. ಬಲವಂತವಾಗಿ ಚಾರ್ಜ್ ಮಾಡಿದ್ರೆ ಉಳಿದ ಸೆಲ್ಲು ಕುದ್ದು ಹೈಡ್ರೋಜನ್ ಬಿಡುತ್ತೆ. 35 ಎಎಚ್ ಹೊಸದು ತಗೊಳ್ಳಿ, ಹಳೇದನ್ನ ಅಂಗಡಿಗೇ ಕೊಟ್ರೆ ದುಡ್ಡು ಕಳೀತಾರೆ. ಕಳಚುವಾಗ ಮೊದಲು ಮೈನಸ್, ಹಾಕುವಾಗ ಮೊದಲು ಪ್ಲಸ್.

ಪಾನಾಪೆಟ್ಟಿಗೆ
ಟರ್ಮಿನಲ್ ನಟ್ಟಿಗೆ 10ರ ಪಾನಾ. ಪ್ಲಸ್ ಬಿಗಿ ಮಾಡುವಾಗ ಪಾನಾ ಬಾಡಿಗೆ ತಾಗದಂಗೆ ನೋಡ್ಕೋ. ಬಿಗಿಯಾದ ಮೇಲೆ ಮೇಲಿಂದ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರು. ಎಂಜಿನ್ ಓಡುವಾಗ ಮತ್ತೆ ಮೀಟರ್ ಹಿಡಿ, 13.8ಕ್ಕಿಂತ ಕಡಿಮೆ ಬಂದ್ರೆ ಫ್ಯಾನ್ ಬೆಲ್ಟ್ ಬಿಗಿ ಇದ್ಯಾ ನೋಡಿ ಇಲ್ಲಿ ಹಾಕು.